ನಾಲ್ಕು ಹತ್ತರ ಬಾಗಿಲು

ನಮ್ಮ ಊರಿನಲ್ಲಿ ಯುದ್ಧ ನಡೆದದ್ದು ಒಂದೇ ಒಂದು ದಿನ. ಸುತ್ತಲ ಊರುಗಳಲ್ಲಿ ಎರಡು ವರ್ಷ, ಮೂರು ವರ್ಷ ಎಳೆದಾಡಿತಂತೆ. ನಮ್ಮಲ್ಲಿಗೆ ಬೆಳಿಗ್ಗೆ ಆರೂವರೆಗೆ ಬಂದರು, ಸಂಜೆ ಆರಕ್ಕೆ ಹೊರಟುಹೋದರು. ಇಷ್ಟು ಶಿಸ್ತು ನಮ್ಮ ಪುರಸಭೆಯ ಕಚೇರಿಯಲ್ಲಿ ನಾನು ಕಂಡಿಲ್ಲ, ಅಲ್ಲೇ ಗುಮಾಸ್ತನಾಗಿದ್ದರೂ. ಯಾರು ಬಂದಿದ್ದರು, ಯಾಕೆ ಬಂದಿದ್ದರು ಎಂಬುದನ್ನು ಆಮೇಲೆ ಪತ್ರಿಕೆಯಲ್ಲಿ ಓದಿದೆವು, ಪೂರ್ತಿ ತಿಳಿಯಲಿಲ್ಲ. ಅವರು ಹೋದ ಮೇಲೆ ಹೆಣಗಳನ್ನು ಎತ್ತಿದೆವು, ಗಾಜು ಗುಡಿಸಿದೆವು, ಬಾವಿಗಳನ್ನು ತೊಳೆದೆವು. ಮರುದಿನ ಬೆಳಿಗ್ಗೆ ಆರೂವರೆಗೆ ಸೇತುವೆಯ ಮೇಲೆ ಮತ್ತೆ ಲಾರಿಗಳ ಸದ್ದು ಕೇಳಿಸಿತು. ಊರಿಗೆ ಊರೇ ಮಂಚದ ಕೆಳಗೆ ಸೇರಿಕೊಂಡಿತು. ಲಾರಿಗಳು ಬರಲಿಲ್ಲ. ಬಂದದ್ದು ಸದ್ದು ಮಾತ್ರ. ಅಂದಿನಿಂದ ಆ ದಿನದ ಸದ್ದುಗಳೆಲ್ಲ, ಒಂದೂ ಬಿಡದೆ, ಆಗಿದ್ದ ಹೊತ್ತಿಗೆ, ಆಗಿದ್ದ ಜಾಗದಲ್ಲೇ ದಿನಾ ಆಗತೊಡಗಿದವು.

ಮೊದಲ ಕೆಲವು ತಿಂಗಳು ಹೇಗೆ ಕಳೆದವೆಂದು ಹೇಳಲು ನನಗೆ ಬರುವುದಿಲ್ಲ. ಆಮೇಲೆ ಹೊಟ್ಟೆ ಕೇಳಬೇಕಲ್ಲ, ಜನ ಹೊಂದಿಕೊಂಡರು. ಹನ್ನೊಂದು ಇಪ್ಪತ್ತಕ್ಕೆ ಮಾರ್ಕೆಟ್ಟಿನಲ್ಲಿ ದೊಡ್ಡ ಬಾಂಬು ಬೀಳುತ್ತದೆ. ಅದಕ್ಕೆ ಒಂದು ನಿಮಿಷ ಮುಂಚೆ ಎಲ್ಲರೂ ಚೌಕಾಸಿ ನಿಲ್ಲಿಸಿ ಕಿವಿ ಮುಚ್ಚಿಕೊಳ್ಳುತ್ತಾರೆ, ಮುಗಿದ ಮೇಲೆ "ಎಲ್ಲಿಗೆ ನಿಂತಿತ್ತು?" ಎಂದು ಕೇಳಿಕೊಂಡು ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ಅಂಚೆ ಕಚೇರಿಯ ಹತ್ತಿರ ಗುಂಡು ಹಾರುವ ಹೊತ್ತಿಗೆ ಅನ್ನಕ್ಕೆ ಇಟ್ಟರೆ ಬಾಂಬಿನ ಹೊತ್ತಿಗೆ ಇಳಿಸಬಹುದು. ಶಾಲೆಯ ಗಂಟೆಯನ್ನು ಯಾರೋ ಕದ್ದುಕೊಂಡು ಹೋದ ಮೇಲೆ ಹೊಸದನ್ನು ತರಿಸಲೇ ಇಲ್ಲ. ಮುಹೂರ್ತ ಇಡುವ ಜೋಯಿಸರು ರಾಹುಕಾಲದ ಜೊತೆ ಮಾರ್ಕೆಟ್ಟಿನಲ್ಲಿ ಸದ್ದುಗಳ ಹೊತ್ತು ಬರೆದಿಟ್ಟ ನಮ್ಮ ಬೋರ್ಡನ್ನೂ ನೋಡುತ್ತಾರೆ. ಯುದ್ಧ ಮುಗಿದ ಮೇಲೆ ಹುಟ್ಟಿದ ಕೂಸುಗಳು ಬಾಂಬಿಗೆ ಮಗ್ಗುಲು ಕೂಡ ಬದಲಾಯಿಸುವುದಿಲ್ಲ, ಪಾತ್ರೆಯ ಮುಚ್ಚಳ ಬಿದ್ದರೆ ಮಾತ್ರ ಬೆಚ್ಚಿ ಅಳುತ್ತವೆ.

ಆ ಬೋರ್ಡು ಬರೆಯುವವನೇ ನಾನು. ಹೆಸರು ತಿಪ್ಪೇಸ್ವಾಮಿ, ಊರಿಗೆಲ್ಲ ತಿಪ್ಪೇಶಿ. ಪುರಸಭೆಯವರು ಸದ್ದುಗಳಿಗೆಂದೇ ಒಂದು ವಿಭಾಗ ತೆರೆದಾಗ, ಯಾರೂ ಒಪ್ಪದ ಕೆಲಸವೆಂದು ನನಗೆ ಕೊಟ್ಟರು. ನನಗಿಂತ ಮುಂಚೆ ಬೇರೆ ಊರಿಂದ ಬಂದ ಒಬ್ಬ ಗುಮಾಸ್ತ ಬೀದಿ ಬೀದಿ ಸುತ್ತಿ ಸದ್ದುಗಳ ಪಟ್ಟಿ ಮಾಡಿದ್ದ. ಒಟ್ಟು ಇನ್ನೂರ ಹದಿನಾಲ್ಕು. ತಿಂಗಳಿಗೊಮ್ಮೆ ಪ್ರತಿಯೊಂದು ಸದ್ದಿನ ಜಾಗಕ್ಕೆ ಹೋಗಿ, ಗಡಿಯಾರ ನೋಡಿಕೊಂಡು ನಿಂತು, ಬಂದರೆ ರಿಜಿಸ್ಟರಿನಲ್ಲಿ ಒಂದು ಗೀಟು ಎಳೆಯಬೇಕು. ಬರದಿದ್ದರೆ ಮೂರು ದಿನ ಸತತ ಹೋಗಿ ಖಾತರಿ ಮಾಡಿಕೊಂಡು, ನಂಬರಿಗೆ ಅಡ್ಡಗೆರೆ ಹಾಕಬೇಕು. ಮೊದಲ ಐದು ವರ್ಷ ಅಡ್ಡಗೆರೆ ಹಾಕುವ ಪ್ರಸಂಗವೇ ಬರಲಿಲ್ಲ.

ಆರನೆಯ ವರ್ಷ ಒಂದೊಂದಾಗಿ ನಿಲ್ಲತೊಡಗಿದವು. ಮೊದಲು ನಿಂತದ್ದು ಹೂವಾಡಗಿತ್ತಿ ರುದ್ರಮ್ಮನ ಮನೆಯದು. ಅವಳ ಗಂಡ ಆ ಮಧ್ಯಾಹ್ನ ಒಂದು ನಲವತ್ತಕ್ಕೆ ಎರಡು ಸಲ ಕೆಮ್ಮಿ, ಬೀಡಿ ತರುತ್ತೇನೆಂದು ಹೊರಗೆ ಕಾಲಿಟ್ಟಿದ್ದ. ಅವನು ಸತ್ತಾಗ ರುದ್ರಮ್ಮ ಕಲ್ಲಿನ ಹಾಗೆ ಕೂತಿದ್ದಳು, ಕೆಮ್ಮು ನಿಂತಾಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಎದುರುಮನೆಯಾಕೆ ಮರುದಿನ ಒಂದು ನಲವತ್ತಕ್ಕೆ ಸರಿಯಾಗಿ ಒರಳು, ಒನಕೆ ಎತ್ತಿಕೊಂಡು ಬಂದು, ಅಂಗಳದಲ್ಲಿ ಕೂತು ಮೆಣಸಿನಕಾಯಿ ಕುಟ್ಟಿದಳು. ಸೀನಿ ಸೀನಿ ಸಾಕಾಯಿತು, ಆದರೆ ಆ ಹೊತ್ತು ಹೇಗೋ ಕಳೆಯಿತು. ಅಲ್ಲಿಂದ ಅದು ಪದ್ಧತಿಯಾಯಿತು. ಸದ್ದು ನಿಂತ ಮನೆಗೆ ಹನ್ನೊಂದು ದಿನ ಅದೇ ಹೊತ್ತಿಗೆ ನೆರೆಯವರು ಹೋಗಿ ಏನಾದರೊಂದು ಸದ್ದು ಮಾಡಬೇಕು. ಇದಕ್ಕೆ ಸದ್ದು ತುಂಬುವುದು ಎನ್ನುತ್ತಾರೆ. ಒಬ್ಬರು ರಾಗಿ ಬೀಸುತ್ತಾರೆ, ಒಬ್ಬರು ಮಗ್ಗಿ ಹೇಳಿಸುತ್ತಾರೆ, ಒಬ್ಬರು ಸುಮ್ಮನೆ ಜಗಳ ತೆಗೆಯುತ್ತಾರೆ. ನಂಬರಿಗೆ ಅಡ್ಡಗೆರೆ ಬೀಳುವವರೆಗೆ ತುಂಬುವ ಹಾಗಿಲ್ಲ. ಅದಕ್ಕೇ ನನ್ನ ರಿಜಿಸ್ಟರಿಗೆ ಊರಿನಲ್ಲಿ ಪಂಚಾಂಗದಷ್ಟೇ ಬೆಲೆ.

ಆ ರಿಜಿಸ್ಟರಿನಲ್ಲಿ ಒಂದು ಸುಳ್ಳಿತ್ತು. ನೂರ ಮೂವತ್ತೊಂದು ಮತ್ತು ನೂರ ಮೂವತ್ತೆರಡನೆಯ ನಂಬರಿನ ಜಾಗಕ್ಕೆ ನಾನು ಒಂದು ದಿನವೂ ಹೋಗಿರಲಿಲ್ಲ. ತಿಂಗಳ ಮೊದಲ ದಿನ ಕುರ್ಚಿಯಲ್ಲೇ ಕೂತು ಎರಡಕ್ಕೂ ಗೀಟು ಎಳೆದುಬಿಡುತ್ತಿದ್ದೆ. ಎರಡೂ ಬಟ್ಟಿಬೀದಿಯ ಅಂಜಿನಮ್ಮನ ಮನೆಯವು, ಹೊತ್ತು ಸಂಜೆ ನಾಲ್ಕು ಹತ್ತು. ಹಳೆಯ ಗುಮಾಸ್ತ ಬರೆದಿಟ್ಟದ್ದು ಹೀಗೆ: "೧೩೧. ಹೊರಗಿನಿಂದ ಬಾಗಿಲು ಬಡಿತ, ಮೂರು ಸಲ. ಹೆಣ್ಣುಮಗಳ ದನಿ, 'ಅಮ್ಮಾ, ನಾನು, ತೆಗಿ.' ೧೩೨. ಒಳಗಿನಿಂದ ಗಂಡಸಿನ ದನಿ, 'ತೆಗೀಬೇಡ ಅಕ್ಕಾ.'" ಪರಊರಿನವನಾದ್ದರಿಂದ ಆ ಗಂಡಸು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ಆ ಗಂಡಸು ನಾನು.

ಆಗ ನಾನು ಅಂಜಿನಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂಟಿ ಜೀವ, ಊಟವೂ ಅಲ್ಲೇ. ಅವಳ ಮಗಳು ಪಂಕಜ, ಹತ್ತೊಂಬತ್ತರ ಹುಡುಗಿ, ಹೊಲಿಗೆ ಅಂಗಡಿಯಲ್ಲಿ ಗುಂಡಿ ಕಾಜಾ ಮಾಡುತ್ತಿದ್ದಳು. ನನ್ನ ಅಂಗಿಯ ಗುಂಡಿ ಕಿತ್ತರೆ "ಗುಮಾಸ್ತರು ಹೊಟ್ಟೆ ಬೆಳೆಸಿದ್ರೆ ನಾನೇನು ಮಾಡ್ಲಿ" ಎಂದು ಆಡಿಕೊಳ್ಳುತ್ತಲೇ ಹೊಲಿದುಕೊಡುತ್ತಿದ್ದಳು. ಆ ದಿನ ಬೆಳಿಗ್ಗೆ ಐದಕ್ಕೇ ಮದುವೆಬಟ್ಟೆಯ ಕೆಲಸವಿದೆಯೆಂದು ಅಂಗಡಿಗೆ ಹೋದವಳು ಅಲ್ಲೇ ಸಿಕ್ಕಿಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಂಜಿನಕ್ಕನ ಮನೆಯಲ್ಲಿ ಹನ್ನೊಂದು ಜನ ಬಚ್ಚಿಟ್ಟುಕೊಂಡಿದ್ದೆವು, ಅದರಲ್ಲಿ ಒಂದು ಮೊಲೆಗೂಸು. ಸಿಪಾಯಿಗಳು ಹಿಡಿದವರನ್ನು ಮುಂದೆ ಬಿಟ್ಟುಕೊಂಡು ಅವರವರ ಮನೆಯ ಬಾಗಿಲನ್ನು ಅವರ ಕೈಯಲ್ಲೇ ಬಡಿಸುತ್ತಿದ್ದಾರೆ, ತೆಗೆದರೆ ನುಗ್ಗುತ್ತಾರೆ ಎಂದು ಹಿತ್ತಲ ಗೋಡೆ ಹಾರಿ ಬಂದವರು ಹೇಳಿದ್ದರು. ನಾಲ್ಕು ಹತ್ತಕ್ಕೆ ಪಂಕಜ ಬಾಗಿಲು ಬಡಿದಳು. ನನ್ನ ಕೈ ಚಿಲಕದ ಮೇಲಿತ್ತು. ನಾನು "ತೆಗೀಬೇಡ ಅಕ್ಕಾ" ಎಂದೆ. ಬಾಗಿಲು ತೆಗೆಯಲಿಲ್ಲ. ಅವಳ ಹಿಂದೆ ಸಿಪಾಯಿಗಳಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಅವಳು ಬೀದಿಯ ತುದಿಯಲ್ಲಿ, ಹಿಟ್ಟಿನ ಗಿರಣಿಯ ಮುಂದೆ ಸಿಕ್ಕಿದಳು.

ಹನ್ನೊಂದು ಜನವೂ ಉಳಿದೆವು. ಮೊಲೆಗೂಸು ಈಗ ಮೂರನೇ ಕ್ಲಾಸು. ಅಂಜಿನಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ, ನಾನೇ ವಾರದೊಳಗೆ ಕೋಣೆ ಖಾಲಿ ಮಾಡಿ ಊರಿನ ಆಚೆ ತುದಿಗೆ ಹೋದೆ. ಅವಳು ಅದೇ ಗಿರಣಿಯಲ್ಲಿ ಹಿಟ್ಟು ತುಂಬುವ ಕೆಲಸಕ್ಕೆ ಸೇರಿದಳು. ಎದುರಿಗೆ ಸಿಕ್ಕರೆ "ಊಟ ಆತಾ?" ಎನ್ನುತ್ತಿದ್ದಳು, ನಾನು "ಆತಕ್ಕ" ಎನ್ನುತ್ತಿದ್ದೆ. ಒಂಬತ್ತು ವರ್ಷ ಇಷ್ಟರಲ್ಲೇ ಕಳೆದೆವು. ಅವಳ ಮನೆಯೊಳಗೆ ನನ್ನ ದನಿ ಮಾತ್ರ ದಿನಾ ಸಂಜೆ ಹೋಗಿ ಹೇಳುವುದನ್ನು ಹೇಳಿ ಬರುತ್ತಿತ್ತು.

ಈ ವರ್ಷದ ಮೊದಲಿಗೆ ದೊಡ್ಡ ಪಟ್ಟಣದಿಂದ ಒಬ್ಬರು ಡಾಕ್ಟರಮ್ಮ ಬಂದರು. ಮನಸ್ಸಿಗೆ ನೋಡುವ ಡಾಕ್ಟರು. ಪುರಸಭೆಯ ಹಿಂದಿನ ಕೋಣೆಯಲ್ಲಿ ಗುರುವಾರ ಗುರುವಾರ ಕೂರುತ್ತಿದ್ದರು. ಬಂದ ಮೊದಲ ದಿನವೇ ಹನ್ನೊಂದು ಇಪ್ಪತ್ತಕ್ಕೆ ಮೇಜಿನ ಕೆಳಗೆ ಹೊಕ್ಕರು. ಜವಾನ ಮಜ್ಜಿಗೆ ತಂದುಕೊಟ್ಟು, "ಮೊದಲ್ನೇ ವಾರ ಹಂಗೇ ಆಗ್ತೈತೆ, ಆಮೇಲೆ ರೂಢಿ" ಎಂದು ಸಮಾಧಾನ ಮಾಡಿದ. ಅವರ ಹತ್ತಿರ ಒಂದು ಅಚ್ಚಾದ ಪ್ರಶ್ನೆಪಟ್ಟಿ ಇತ್ತು. "ಇಲ್ಲದ ಸದ್ದುಗಳು ನಿಮಗೆ ಕೇಳಿಸುತ್ತವೆಯೇ?" ಎಂಬ ಪ್ರಶ್ನೆಗೆ ಊರಿನವರೆಲ್ಲ ಇಲ್ಲವೆಂದು ಬರೆದರು. ಸದ್ದುಗಳು ಇದ್ದವಲ್ಲ. ಕೊನೆಗೆ ಅವರು ಪಟ್ಟಿಯನ್ನು ಬದಿಗಿಟ್ಟು, ಬಂದವರನ್ನು ಕೂರಿಸಿಕೊಂಡು ಸುಮ್ಮನೆ ಮಾತಾಡಿಸತೊಡಗಿದರು. ಸದ್ದು ಕೇಳಿಸುವವರಿಗಿಂತ ಸದ್ದು ನಿಂತವರೇ ಹೆಚ್ಚು ಬರುತ್ತಿದ್ದಾರೆ ಎಂದು ಒಮ್ಮೆ ನನಗೆ ಹೇಳಿದರು. ಅದೇ ದಿನ, "ಗುಮಾಸ್ತರೇ, ನಿಮ್ಮದು ಯಾವ ನಂಬರು?" ಎಂದು ಕೇಳಿದರು. "ನಾನು ಬರೆಯೋವ್ನು ಮೇಡಂ, ನಂಗೆ ನಂಬರಿಲ್ಲ" ಎಂದು ರಿಜಿಸ್ಟರು ಎತ್ತಿಕೊಂಡು ಎದ್ದುಬಂದೆ.

ಆಷಾಢದಲ್ಲಿ ಒಂದು ಬೆಳಿಗ್ಗೆ ಅಂಜಿನಕ್ಕ ನನ್ನ ಕಚೇರಿಗೆ ಬಂದಳು. ಎರಡು ಕಿವಿಗೂ ಹತ್ತಿ ಇಟ್ಟುಕೊಂಡಿದ್ದಳು. ಬೆಳ್ಳುಳ್ಳಿ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಕೂರು ಎಂದರೂ ಕೂರದೆ ಮೇಜಿಗೆ ಕೈಯೂರಿ ನಿಂತು, "ತಿಪ್ಪೇಶಿ, ನಿನ್ನ ಬುಕ್ಕು ತೆಗಿ" ಎಂದಳು.

"ಯಾಕಕ್ಕ?"

"ನೂರಾ ಮೂವತ್ತೊಂದು ನೋಡು. ಈ ತಿಂಗ್ಳು ಬಂದೈತೋ ಇಲ್ವೋ?"

ತೆಗೆದು ನೋಡುವ ನಾಟಕ ಮಾಡಿದೆ. ಗೀಟು ಇತ್ತು, ಇರದೆ ಎಲ್ಲಿ ಹೋಗುತ್ತದೆ. "ಬಂದೈತೆ" ಎಂದೆ.

"ಹೋದ ತಿಂಗ್ಳು?"

"ಬಂದೈತೆ."

ಅವಳು ಈಗ ಕೂತಳು. "ಹಂಗಾದ್ರೆ ನನ್ ಕಿವೀನೇ" ಎಂದಳು. "ಎರಡು ತಿಂಗ್ಳಾತು ತಿಪ್ಪೇಶಿ, ಮಗ್ಳ ದನಿ ಕೇಳ್ತಿಲ್ಲ ನಂಗೆ. ಗಿರಣಿ ಸದ್ದಿಗೆ ಕಿವಿ ಹೋಗೈತೆ ಅಂತ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಟ್ಟೆ, ತುಂಬೆ ರಸ ಬಿಟ್ಟೆ. ಗಿರಣಿಗೆ ಹೋಗೋದೂ ಬಿಟ್ಟೆ. ಕೊನೇಗೆ ಆ ಡಾಕ್ಟರಮ್ಮನ್ನೇ ಕೇಳ್ದೆ. ಅವ್ರು ಜಿಲ್ಲಾಸ್ಪತ್ರೆಗೆ ಚೀಟಿ ಬರ್ಕೊಟ್ರು. ಅಲ್ಲಿ ಕಿವಿಗೆ ಅದೇನೋ ಮಿಷಿನ್ ಇಟ್ಟು ನೋಡಿ, ಕಿವಿ ಚೆನ್ನಾಗೈತೆ, ಏನೂ ಆಗಿಲ್ಲ ಅಂದ್ರು. ಅವ್ರಿಗೇನು ಗೊತ್ತು? ನಿನ್ನ ಬುಕ್ಕಾಗೆ ಬಂದೈತೆ ಅಂತ ಇದ್ಮೇಲೆ ಅವ್ಳು ಬಂದಿದಾಳೆ. ನಂಗೆ ಕೇಳ್ಲಿಲ್ಲ, ಅಷ್ಟೇ."

"ಬೇರೆ ಸದ್ದು ಕೇಳ್ತವಾ ಅಕ್ಕ?" ಎಂದು ಕೇಳಿದೆ.

"ಎಲ್ಲಾ ಕೇಳ್ತವೆ. ನಿಂದೂ ಕೇಳ್ತೈತೆ."

ಹೇಳದೆ ಇರಬಹುದಾಗಿತ್ತು. ಮುಂದಿನ ತಿಂಗಳು ಹೋಗಿ ನೋಡಿ ಅಡ್ಡಗೆರೆ ಹಾಕಿ, ಈಗತಾನೇ ನಿಂತಿತು ಎಂದುಬಿಟ್ಟರೆ ಯಾರು ಕೇಳುತ್ತಿದ್ದರು? ಅದನ್ನೇ ಯೋಚಿಸಿದೆ, ಇಲ್ಲವೆನ್ನುವುದಿಲ್ಲ. ಆದರೆ ಅವಳ ಕಿವಿಯ ಹತ್ತಿ ನನ್ನ ಕಣ್ಣೆದುರಿಗೇ ಇತ್ತು, ಎಣ್ಣೆ ಸೋರಿ ಕೆನ್ನೆಯ ಮೇಲೆ ಇಳಿದಿತ್ತು. ಇಡೀ ಊರಿಗೆ ಸುಳ್ಳು ಹೇಳಬಹುದೇನೋ, ಆ ಎಣ್ಣೆ ನೋಡಿಕೊಂಡು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಅಕ್ಕಾ, ನಾನು ಬಂದಿಲ್ಲ" ಎಂದೆ.

"ಯಾವಾಗ?"

"ಯಾವಾಗ್ಲೂ. ಈ ಒಂಬತ್ತು ವರ್ಷದಾಗೆ ಒಂದ್ಸಲಾನೂ ಬಂದಿಲ್ಲ."

"ಮತ್ತೆ ಗೀಟು?"

"ಇಲ್ಲೇ ಕೂತು ಹಾಕಿದ್ದು."

ಅವಳು ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಹಾಯಾಗಿರುತ್ತಿತ್ತು. ಅವಳು ಎರಡು ಕಿವಿಯ ಹತ್ತಿಯನ್ನೂ ನಿಧಾನವಾಗಿ ತೆಗೆದು, ನನ್ನ ರಿಜಿಸ್ಟರಿನ ಪಕ್ಕದಲ್ಲಿ ಇಟ್ಟಳು. "ಎರಡು ತಿಂಗ್ಳು ಎಣ್ಣೆ ಬಿಟ್ಕೊಂಡ್ನಲ್ಲೋ" ಎಂದಳು. ಆಮೇಲೆ ಅವಳ ಮುಖ ಬದಲಾಯಿತು. ಕಿವಿ ಚೆನ್ನಾಗಿದೆ ಎಂದರೆ ಏನರ್ಥ ಎಂಬುದು ಆಗಷ್ಟೇ ಹೊಳೆದಿತ್ತು. ಮೇಜಿನ ಅಂಚನ್ನು ಹಿಡಿದುಕೊಂಡು ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿ, "ನಾಳೆ ಬಾ. ಬೀದಿಯಾಗೆ ನಿಂತು ಕೇಳೋದಲ್ಲ. ಒಳಗೆ ಬಂದು ಕೂತ್ಕೊಂಡು ಕೇಳು" ಎಂದಳು.

ಮರುದಿನ ಮೂರೂವರೆಗೇ ಹೋದೆ. ಬಟ್ಟಿಬೀದಿಯಲ್ಲಿ ಒಬ್ಬಿಬ್ಬರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಮನೆ ಹಾಗೇ ಇತ್ತು. ನಾನಿದ್ದ ಕೋಣೆಯಲ್ಲಿ ಈಗ ಸೌದೆ ತುಂಬಿತ್ತು. ಪಂಕಜನ ಹೊಲಿಗೆ ಕತ್ತರಿ ಗೋಡೆಯ ಮೊಳೆಗೆ ನೇತುಹಾಕಿದ್ದಳು, ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿತ್ತು. ಅಂಜಿನಕ್ಕ ಬಾಗಿಲು ಹಾಕಿ ಚಿಲಕ ಸರಿಸಿ, ಪಕ್ಕದ ಮಣೆಯ ಮೇಲೆ ಕೂತಳು. ಅವಳು ದಿನಾ ಕೂರುವ ಜಾಗ ಅದು ಎಂದು ನೋಡಿದರೇ ತಿಳಿಯುತ್ತಿತ್ತು, ಗೋಡೆಯಲ್ಲಿ ಬೆನ್ನು ತಾಗುವ ಕಡೆ ಸುಣ್ಣ ಹೋಗಿತ್ತು. "ಈ ಹೊತ್ತಿಗೆ ನೀನು ಬಾಗ್ಲು ತೆಗೀತೀಯಾ?" ಎಂದು ಕೇಳಿದೆ. "ಒಂದಿನಾನೂ ಇಲ್ಲ" ಎಂದಳು. "ತೆಗೆದ್ರೆ ಯಾರೂ ಇರಾಕಿಲ್ಲ ಅಂತ ಗೊತ್ತಾಗ್ತೈತಲ್ಲಪ್ಪ. ಹಾಕಿದ್ರೆ ಅವ್ಳು ಅಲ್ಲೇ ಇದಾಳೆ."

ಗಡಿಯಾರ ನೋಡುತ್ತ ಕೂತೆ. ನಾಲ್ಕು ಒಂಬತ್ತಾಯಿತು. ನಾಲ್ಕು ಹತ್ತಾಯಿತು. ಬಾಗಿಲು ಸುಮ್ಮನಿತ್ತು. ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಪಂಕಜನ ಬಡಿತ ಬರಲಿಲ್ಲ, ದನಿ ಬರಲಿಲ್ಲ. ಅಂಜಿನಕ್ಕ ಬಾಗಿಲನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನನ್ನ ಬಲಗಡೆ, ಚಿಲಕದ ಹತ್ತಿರ, ಒಬ್ಬ ಹೆದರಿದ ಹುಡುಗ, "ತೆಗೀಬೇಡ ಅಕ್ಕಾ" ಎಂದ.

ಅದು ನನ್ನ ದನಿಯೆಂದು ಒಪ್ಪಿಕೊಳ್ಳಲು ಒಂದು ಗಳಿಗೆ ಬೇಕಾಯಿತು. ನನ್ನ ನೆನಪಿನಲ್ಲಿ ನಾನು ಅದನ್ನು ಗಟ್ಟಿಯಾಗಿ ಹೇಳಿದ್ದೆ, ಅಪ್ಪಣೆ ಕೊಡುವವನ ಹಾಗೆ, ಹತ್ತು ಜನರ ಜೀವ ಉಳಿಸುವ ಯಜಮಾನನ ಹಾಗೆ. ಆ ಗಟ್ಟಿತನಕ್ಕಾಗಿಯೇ ನನ್ನನ್ನು ನಾನು ದ್ವೇಷಿಸಿಕೊಂಡಿದ್ದೆ. ಕೇಳಿಸಿದ್ದು ಅಳುವವನ ದನಿ. ಬೇಡಿಕೊಳ್ಳುತ್ತಿದ್ದ.

ಅದು ಮುಗಿದ ಮೇಲೆ ಇನ್ನೊಂದು ಸದ್ದು ಬಂತು. ತೀರ ಸಣ್ಣದು, ಪಕ್ಕದಲ್ಲೇ ಕೂತಿರದಿದ್ದರೆ ಕೇಳಿಸುತ್ತಿರಲಿಲ್ಲ. ಮಣೆಯ ಕಡೆಯಿಂದ ಅಂಜಿನಕ್ಕನ ದನಿ, "ಇಲ್ಲ, ತೆಗ್ಯಲ್ಲ" ಎಂದಿತು. ನಾನು ಅವಳ ಕಡೆ ತಿರುಗಿದೆ. ಅವಳ ತುಟಿ ಮುಚ್ಚಿತ್ತು. ಹೇಳಿದ್ದು ಒಂಬತ್ತು ವರ್ಷದ ಹಿಂದಿನ ಅಂಜಿನಕ್ಕ.

"ಕೇಳ್ತಾ?" ಎಂದಳು.

"ಕೇಳ್ತು."

"ಇದು ನಿನ್ನ ಬುಕ್ಕಾಗೆ ಇಲ್ಲ."

"ಇಲ್ಲ."

"ಆ ಪರಊರಿನ ಗುಮಾಸ್ತ ಬೀದಿಯಾಗೆ ನಿಂತು ಬರ್ಕೊಂಡು ಹೋದ. ನಾನೂ ಹೇಳ್ಲಿಲ್ಲ. ತಿಪ್ಪೇಶಿ ತಡೆದ ಅಂತ ಊರೆಲ್ಲ ಅಂದ್ಕೊಂಡ್ರು, ನೀನೂ ಹಂಗೇ ಅಂದ್ಕೊಂಡೆ. ನಾನು ಸುಮ್ನಿದ್ದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. "ನಿನ್ನ ಕೈ ಚಿಲಕದ ಮೇಲಿತ್ತು, ಹೌದು. ನಾನು ತೆಗಿ ಅಂದಿದ್ರೆ ನೀನು ತೆಗೀತಿದ್ದೆ. ನಂಗೆ ಗೊತ್ತು. ಮಡ್ಲಾಗೆ ಆ ಕೂಸು ಮಲಗಿತ್ತು. ನನ್ನ ಬಾಯಾಗೆ ಆ ಮಾತು ಬಂತು. ದಿನಾ ಇಲ್ಲಿ ಕೂತು ಅವ್ಳು ಕರೆಯೋದು ಕೇಳ್ತೀನಿ, ನೀನು ಹೇಳೋದು ಕೇಳ್ತೀನಿ, ಆಮೇಲೆ ನಂದು ಕೇಳ್ತೀನಿ. ಈಗ ಅವ್ಳು ಹೋದ್ಲು. ನಾವಿಬ್ರೇ ಉಳಿದ್ವಿ ನೋಡು."

ನನಗೆ ಸಿಟ್ಟು ಬಂತು, ಮುಚ್ಚಿಡುವುದೇಕೆ. ಒಂಬತ್ತು ವರ್ಷ! ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು ಇವಳ ಗಂಟು? ಮದುವೆ ಬೇಡವೆಂದೆ, ವರ್ಗ ಬೇಡವೆಂದೆ, ನಾಲ್ಕು ಗಂಟೆಯಾದರೆ ಊರಾಚೆಯ ಕೆರೆಯ ಏರಿಗೆ ಹೋಗಿ ಕೂತುಬಿಡುತ್ತಿದ್ದೆ. ಬಾಯಿ ತೆರೆದೆ. ಆದರೆ ನಾನೂ ಬಂದು ಕೇಳಿದ್ದರೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು. ಬರಬೇಕಾದ್ದು ನನ್ನ ಕೆಲಸವೇ ಆಗಿತ್ತು, ಸಂಬಳ ತೆಗೆದುಕೊಂಡಿದ್ದೆ. ತೆರೆದ ಬಾಯಿ ಮುಚ್ಚಿಕೊಂಡೆ. ಅವಳು ಎದ್ದು ಹೋಗಿ ಮಜ್ಜಿಗೆ ತಂದಳು. ಉಪ್ಪು ಹೆಚ್ಚಾಗಿತ್ತು, ಇಬ್ಬರೂ ಕುಡಿದೆವು.

"ಅದನ್ನೂ ಬರ್ಕೋ" ಎಂದಳು ಲೋಟ ತೆಗೆದುಕೊಳ್ಳುತ್ತ. "ಬೋರ್ಡಿನ ಮೇಲೂ ಬರಿ."

ಎರಡನೆಯ ದಿನ ಹೋದೆ, ಮೂರನೆಯ ದಿನ ಹೋದೆ. ಪಂಕಜ ಬರಲಿಲ್ಲ. ಮೂರನೆಯ ದಿನ ಅಂಜಿನಕ್ಕ ಮಣೆಯ ಮೇಲೆ ಕೂತಲ್ಲೇ ಅತ್ತಳು, ದೊಡ್ಡ ದನಿ ತೆಗೆದು, ಮಗಳ ಹೆಸರು ಹಿಡಿದು. ಹೆಣ ಸಿಕ್ಕ ದಿನ ಕೂಡ ಅವಳು ಹಾಗೆ ಅತ್ತಿರಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು. ಗೋಡೆಯ ಕತ್ತರಿ ನೋಡುತ್ತ ಕೂತಿದ್ದೆ. ಕಚೇರಿಗೆ ಬಂದು ನೂರ ಮೂವತ್ತೊಂದಕ್ಕೆ ಅಡ್ಡಗೆರೆ ಹಾಕಿದೆ. ನೂರ ಮೂವತ್ತೆರಡರ ಮುಂದೆ ನನ್ನ ಹೆಸರು ಬರೆದೆ. ಪಟ್ಟಿಯ ಕೊನೆಗೆ ಇನ್ನೂರ ಹದಿನೈದು ಎಂದು ಹಾಕಿ, ಅಂಜಿನಮ್ಮನ ದನಿ, ಒಳಗೆ ಕೂತವರಿಗೆ ಮಾತ್ರ ಕೇಳಿಸುತ್ತದೆ ಎಂದು ಬರೆದೆ. ಮಾರ್ಕೆಟ್ಟಿನ ಬೋರ್ಡಿನ ಮೇಲೂ ಅದನ್ನೇ ಬರೆದೆ. ಜನ ಬಂದು ಓದಿದರು. ಸೊಪ್ಪಿನಾಕೆ ಎರಡು ಸಲ ಓದಿಸಿಕೊಂಡು ಕಣ್ಣೊರೆಸಿಕೊಂಡಳು. ಹೊಸ ಸದ್ದೊಂದು ಪಟ್ಟಿಗೆ ಸೇರಿದ್ದು ಅದೇ ಮೊದಲು. ಗುರುವಾರ ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ನಿಂತು, "ನೂರಾ ಮೂವತ್ತೆರಡು ಮೇಡಂ" ಎಂದೆ. ಅವರು ಎದುರಿನ ಕುರ್ಚಿಯ ಮೇಲಿದ್ದ ಫೈಲುಗಳನ್ನು ಎತ್ತಿ ಕೆಳಗಿಟ್ಟು, ಕೂರಲು ಹೇಳಿದರು.

ಅಡ್ಡಗೆರೆ ಬಿದ್ದ ಮೇಲೆ ಸದ್ದು ತುಂಬಬೇಕು. ಯಾವ ಮನೆಯಲ್ಲಿ ಯಾವ ಸದ್ದು ಬೇಕೆಂದು ಮನೆಯವರನ್ನು ಕೇಳಿಕೊಳ್ಳುವುದು ವಾಡಿಕೆ. ಬಟ್ಟಿಬೀದಿಯ ಹೆಂಗಸರು ಒನಕೆ ತರುತ್ತೇವೆ, ಬೀಸುಕಲ್ಲು ತರುತ್ತೇವೆ ಎಂದು ಬಂದರು. ಅಂಜಿನಕ್ಕ ಎಲ್ಲರಿಗೂ, "ನಾಡಿದ್ದಿಂದ ತನ್ನಿ. ನಾಳೆ ತಿಪ್ಪೇಶಿ ಬರ್ತಾನೆ" ಎಂದಳಂತೆ. ಸುದ್ದಿ ನನ್ನ ಕಿವಿಗೆ ಬಿದ್ದು ಗಿರಣಿಗೆ ಓಡಿದೆ. ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಳು, ಹುಬ್ಬಿನ ಮೇಲೆ ಜೋಳದ ಹಿಟ್ಟಿತ್ತು. "ನಾನೇನು ತರ್ಲಿ ಅಕ್ಕ? ನಮ್ಮನೇಲಿ ಒರಳೂ ಇಲ್ಲ" ಎಂದೆ.

"ಏನೂ ತರಬೇಡ" ಎಂದಳು, ಗಿರಣಿಯ ಗದ್ದಲದ ಮೇಲೆ ಕೂಗಿ. "ಬಾಗ್ಲು ಹಾಕಿರ್ತೀನಿ. ಬಂದು ಬಡಿ."

"ಅಕ್ಕಾ..."

"ಬಡಿ ಅಂದ್ನಲ್ಲ. ಮೂರು ಸಲ."

ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಹೇಳಬೇಕಾಗಿಲ್ಲ. ಮರುದಿನ ಕಚೇರಿಯಲ್ಲಿ ಕೆಲಸ ಮಾಡಿದೆ, ಹನ್ನೊಂದು ಇಪ್ಪತ್ತಕ್ಕೆ ಕಿವಿ ಮುಚ್ಚಿಕೊಂಡೆ, ಊಟ ಮಾಡಿದೆ. ಮೂರು ಮುಕ್ಕಾಲಿಗೆ ಹೊರಟೆ. ಕಾಲು ಅಭ್ಯಾಸಬಲದಿಂದ ಕೆರೆಯ ಏರಿಯ ಕಡೆ ತಿರುಗಿತು, ಅರ್ಧ ದಾರಿ ಹೋದ ಮೇಲೆ ಅರಿವಾಗಿ ಹಿಂದಕ್ಕೆ ಓಡಿದೆ. ಬಟ್ಟಿಬೀದಿಗೆ ಬರುವಾಗ ಉಬ್ಬಸ ಬಂದವನ ಹಾಗೆ ಏದುಸಿರು ಬಿಡುತ್ತಿದ್ದೆ. ಬೀದಿಯವರು ಅವರವರ ಜಗಲಿಯಲ್ಲಿ ನಿಂತಿದ್ದರು. ಆ ಹನ್ನೊಂದು ಜನರಲ್ಲಿ ಈಗಲೂ ಊರಲ್ಲೇ ಇರುವ ನಾಲ್ಕೈದು ಮಂದಿಯೂ ಇದ್ದರು, ಮೂರನೇ ಕ್ಲಾಸಿನ ಹುಡುಗಿ ತಾಯಿಯ ಸೆರಗು ಹಿಡಿದು ನಿಂತಿದ್ದಳು.

ಹೊರಗಡೆ ನಿಂತು ಆ ಬಾಗಿಲನ್ನು ಅಷ್ಟು ಗಮನವಿಟ್ಟು ನಾನು ಯಾವತ್ತೂ ನೋಡಿರಲಿಲ್ಲ. ಪಂಕಜ ನಿಂತ ಜಾಗದಲ್ಲಿ ನಿಂತಿದ್ದೆ. ಬಾಗಿಲಿನ ಹಲಗೆಯ ಸಂದಿಯಿಂದ ಒಳಗಿನ ಕತ್ತಲೂ ಅದರಲ್ಲಿ ಅಂಜಿನಕ್ಕನ ಸೀರೆಯ ಅಂಚೂ ಕಾಣುತ್ತಿದ್ದವು. ಒಳಗೆ ಜನರಿದ್ದಾರೆಂದು ಹೊರಗಿದ್ದವರಿಗೆ ಖಂಡಿತ ಗೊತ್ತಾಗುತ್ತದೆ. ಅವಳಿಗೆ ಗೊತ್ತಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಗಡಿಯಾರ ನೋಡಿಕೊಳ್ಳಲಿಲ್ಲ. ಕೈ ಎತ್ತಿ ಮೂರು ಸಲ ಬಡಿದೆ. "ಅಕ್ಕಾ, ನಾನು" ಎಂದೆ. ತೆಗಿ ಎನ್ನುವುದನ್ನು ಅವಳಿಗೇ ಬಿಟ್ಟೆ.

ಒಳಗಿನಿಂದ ನಾನು, "ತೆಗೀಬೇಡ ಅಕ್ಕಾ" ಎಂದು ಅಳುತ್ತ ಹೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರ ಹೊರಗೆ ಕೇಳಿಸುವುದಿಲ್ಲ. ಅದು ಮುಗಿಯುವಷ್ಟು ಹೊತ್ತು ನಿಂತಿದ್ದೆ. ಆಮೇಲೆ ಚಿಲಕ ಸರಿದ ಸದ್ದಾಯಿತು, ಬಾಗಿಲು ಕಿರುಗುಟ್ಟಿತು, ಅಂಜಿನಕ್ಕ ಎರಡೂ ಕದಗಳನ್ನು ಗೋಡೆಯವರೆಗೆ ತಳ್ಳಿ ಹೊಸ್ತಿಲಲ್ಲಿ ನಿಂತಳು. ನನ್ನನ್ನು ನೋಡಿದಳು, ನನ್ನ ಹಿಂದೆ ಬೀದಿಯನ್ನು ನೋಡಿದಳು, ಗಿರಣಿಯವರೆಗೂ. ಅಲ್ಲಿ ಸಿಪಾಯಿಗಳಿರಲಿಲ್ಲ.

"ಓಡ್ಕೊಂಡು ಬಂದ್ಯೇನೋ" ಎಂದಳು. "ಚಪ್ಲಿ ಅಲ್ಲೇ ಬಿಟ್ಟು ಒಳಗೆ ಬಾ. ನೀರು ಕೊಡ್ತೀನಿ."